ಅಂಗುಳದ ಶಿಲುಬೆ

ನನ್ನ ಕೆಲಸ ಹಲ್ಲಿನ ಸೆಟ್ ಮಾಡುವುದು. ನಾನು ಡಾಕ್ಟರ್ ಅಲ್ಲ, ಡಾಕ್ಟರರಿಗೆ ಸೆಟ್ ಮಾಡಿಕೊಡುವವನು. ಬಲ್ಮಠದ ಒಂದು ಹಳೆಯ ಕಟ್ಟಡದ ಹಿಂಬದಿಯಲ್ಲಿ ನನ್ನದು ಒಂದೇ ಕೋಣೆಯ ಲ್ಯಾಬು. ಕ್ಲಿನಿಕ್ಕಿನಲ್ಲಿ ರೋಗಿಯ ಬಾಯಿಯ ಅಚ್ಚು ತೆಗೆದು ನನಗೆ ಕಳಿಸುತ್ತಾರೆ. ನಾನು ಅದಕ್ಕೆ ಪ್ಲಾಸ್ಟರ್ ಹೊಯ್ದು, ಮೇಣದಲ್ಲಿ ಹಲ್ಲು ಜೋಡಿಸಿ, ಆಮೇಲೆ ಮೇಣ ಕರಗಿಸಿ ತೆಗೆದು, ಆ ಜಾಗಕ್ಕೆ ಗುಲಾಬಿ ಬಣ್ಣದ ಅಕ್ರಿಲಿಕ್ ತುಂಬಿ, ಬಿಸಿನೀರಿನಲ್ಲಿ ಬೇಯಿಸಿ, ಉಜ್ಜಿ, ಹೊಳಪು ಕೊಟ್ಟು ಹಿಂದೆ ಕಳಿಸುತ್ತೇನೆ. ಅದರಲ್ಲಿ ಯಾರು ಮೀನು ತಿನ್ನುತ್ತಾರೆ, ಯಾರು ಮನೆಯವರ ಮೇಲೆ ಹಲ್ಲು ಕಡಿಯುತ್ತಾರೆ ಎಂಬುದು ನನಗೆ ಗೊತ್ತಾಗುವುದಿಲ್ಲ.

ಮುಖ ನೋಡದೆ ಮಾಡುವ ಕೆಲಸ ಇದು, ನನ್ನಂಥವನಿಗೆ ಹೇಳಿ ಮಾಡಿಸಿದ್ದು. ನನಗೆ ಜನರ ಜೊತೆ ಮಾತಾಡಲು ಬರುವುದಿಲ್ಲ. ಬಂದರೂ ಅರ್ಧ ಮಾತಿಗೆ ಸಿಟ್ಟು ಬರುತ್ತದೆ. ಅಚ್ಚು ಸರಿಯಾಗಿ ತೆಗೆಯದೆ ಕಳಿಸಿದ ಡಾಕ್ಟರರಿಗೆ ಫೋನು ಮಾಡಿ, ಇದು ಬಾಯಿಯ ಅಚ್ಚಾ ಅಥವಾ ಇಡ್ಲಿಯದ್ದಾ ಎಂದು ಕೇಳಿದವನು ನಾನು. ಒಬ್ಬರು ಅಂದಿನಿಂದ ನನಗೆ ಕೆಲಸ ಕೊಡುವುದನ್ನೇ ಬಿಟ್ಟರು.

ಕೆಲವು ವರ್ಷಗಳ ಹಿಂದೆ, ಈಸ್ಟರಿಗೆ ಮೊದಲಿನ ತಪಸ್ಸುಕಾಲದಲ್ಲಿ ನಮ್ಮ ಇಗರ್ಜಿಯಲ್ಲಿ ಮೂರು ಸಂಜೆ ಪ್ರವಚನವಿತ್ತು. ಹೊರಗಿನಿಂದ ಬಂದ ಒಬ್ಬ ಫಾದರ್ ಕೊನೆಯ ಸಂಜೆ ಹೇಳಿದರು: "ಕಣ್ಣು ಮುಚ್ಚಿ. ನೀವು ಕೆಲಸ ಮಾಡುವ ಜಾಗದಲ್ಲಿ ನಿಮ್ಮಿಂದ ಯೇಸುವಿನ ವಿಷಯ ಕೇಳಿದವರ ಮುಖ ಒಂದೊಂದಾಗಿ ನೆನೆಯಿರಿ." ಪಕ್ಕದಲ್ಲಿದ್ದ ನನ್ನ ಹೆಂಡತಿ ಬಹಳ ಹೊತ್ತು ಕಣ್ಣು ಮುಚ್ಚಿದ್ದಳು. ಅವಳು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು, ಅವಳಿಗೆ ನೆನೆಯಲು ಮುಖಗಳಿಗೆ ಬರವಿಲ್ಲ. ನನ್ನ ಕಣ್ಣೆದುರು ಬಂದದ್ದು ಪ್ಲಾಸ್ಟರಿನ ಅಂಗುಳಗಳು ಮಾತ್ರ. ಮೂವತ್ತು ವರ್ಷ ದುಡಿದು ಒಬ್ಬನೇ ಒಬ್ಬನ ಹತ್ತಿರವೂ ನನ್ನ ದೇವರ ಸುದ್ದಿ ಎತ್ತಿಲ್ಲವಲ್ಲ ಎಂದು ನಾಚಿಕೆಯಾಯಿತು.

ಹಾಗಂತ ಮಾತಾಡುವ ಧೈರ್ಯ ಬಂತೇ? ಇಲ್ಲ. ಈ ಊರಿನಲ್ಲಿ ಮತಾಂತರ ಎಂಬ ಶಬ್ದ ಬಿದ್ದರೆ ಎಷ್ಟು ಬೇಗ ಜನ ಸೇರುತ್ತಾರೆ ಎಂದು ಎಲ್ಲರಿಗೂ ಗೊತ್ತು. ಊರಿನ ನೆಪ ಹೇಳುವುದೂ ಪೂರ್ತಿ ಸತ್ಯವಲ್ಲ. ಜಗಳ ಗಿಗಳ ಏನೂ ಇಲ್ಲದ ಊರಿನಲ್ಲಿದ್ದರೂ ನಾನು ಬಾಯಿ ಬಿಡುತ್ತಿರಲಿಲ್ಲ. ಆದ್ದರಿಂದ ನಾನು ಬಾಯಿ ಬಿಡದೆ ಆಗುವ ಒಂದು ದಾರಿ ಹುಡುಕಿದೆ.

ಪ್ಲಾಸ್ಟರಿನ ಅಚ್ಚಿನಲ್ಲಿ, ಅಂಗುಳದ ನಟ್ಟನಡುವೆ, ಚಾಕುವಿನ ತುದಿಯಿಂದ ಒಂದು ಸಣ್ಣ ಶಿಲುಬೆ ಕೊರೆಯತೊಡಗಿದೆ. ಅಕ್ಕಿಕಾಳಿನಷ್ಟು ಉದ್ದ, ಕೂದಲಿನಷ್ಟು ತೆಳು ಗೆರೆ. ಅಚ್ಚಿನಲ್ಲಿ ತಗ್ಗಾಗಿರುವುದು ಸೆಟ್ಟಿನಲ್ಲಿ ಉಬ್ಬಾಗಿ ಬರುತ್ತದೆ. ಅದೂ ಅಂಗುಳಕ್ಕೆ ಅಂಟುವ ಬದಿಯಲ್ಲಿ, ನಾಲಗೆಗೆ ಸಿಗದ ಕಡೆ. ಹಾಗಾಗಿ ಹಾಕಿಕೊಂಡವರಿಗೆ ಗೊತ್ತಾಗುವಂತಿಲ್ಲ. ಕೊರೆಯುವಾಗ ಪ್ರತಿಸಲ, "ಸ್ವಾಮೀ, ಈ ಬಾಯಿಯನ್ನು ಆಶೀರ್ವದಿಸು" ಎಂದು ಮನಸ್ಸಿನಲ್ಲೇ ಹೇಳುತ್ತಿದ್ದೆ. ಹಿಂದೂಗಳ ಸೆಟ್, ಬ್ಯಾರಿ ಮುಸ್ಲಿಮರ ಸೆಟ್, ನಮ್ಮವರ ಸೆಟ್ ಎಂದು ನಾನು ಭೇದ ಮಾಡಲಿಲ್ಲ. ಹೆಂಡತಿಗೂ ಹೇಳಲಿಲ್ಲ. ಸುವಾರ್ತೆ ಸಾರುವ ನನ್ನ ಪಾಲು ಸಂದಿತು ಎಂದು ಹಾಯಾಗಿದ್ದೆ. ಈಗ ಅದನ್ನು ಬರೆಯುವಾಗ ಕಿವಿ ಬಿಸಿಯಾಗುತ್ತದೆ.

ಕಳೆದ ವರ್ಷ ಮಣ್ಣಗುಡ್ಡದ ಒಂದು ಕ್ಲಿನಿಕ್ಕಿನಿಂದ ಒಂದು ಅಚ್ಚು ಬಂತು. ಅಲ್ಲಿಯ ಡಾಕ್ಟರ್ ತುಳು ಮನೆಮಾತಿನ ಹುಡುಗಿ, ಒಳ್ಳೆಯ ಕೈ, ಅವಳ ಅಚ್ಚಿಗೆ ನಾನು ಒಂದು ದಿನವೂ ಕೊಂಕು ತೆಗೆದಿಲ್ಲ. ಜೊತೆಗಿದ್ದ ಚೀಟಿಯಲ್ಲಿ ಬರೆದಿದ್ದಳು: ರೋಗಿಗೆ ಎಂಬತ್ತರ ಹತ್ತಿರ, ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು, ಕುಟುಂಬದ ಯಜಮಾನರು. ಮನೆಯ ದೈವಕ್ಕೆ ತಂಬಿಲ ಉಂಟು, ಆ ದಿವಸ ಅವರೇ ಮದಿಪು ಹೇಳಬೇಕು, ಉಚ್ಚಾರದ ಬಗ್ಗೆ ಸ್ವಲ್ಪ ಜಾಗ್ರತೆ. ತಂಬಿಲ ಅಂದರೆ ತುಳುವರ ಮನೆಗಳಲ್ಲಿ ವರ್ಷಕ್ಕೊಮ್ಮೆ ದೈವಕ್ಕೆ ಸಲ್ಲಿಸುವ ಸೇವೆ. ಮದಿಪು ಅಂದರೆ ದೈವದ ಮುಂದೆ ನಿಂತು ಮನೆಯ ಹಿರಿಯರು ಆಡುವ ನುಡಿ. ಆ ನುಡಿ ತೊದಲಬಾರದು.

ನಾನು ಆ ಚೀಟಿಯನ್ನು ಎರಡು ಸಲ ಓದಿದೆ. ಹಲ್ಲುಗಳನ್ನು ಬಹಳ ನಾಜೂಕಾಗಿ ಕೂರಿಸಿದೆ, ಮುಂದಿನ ಎರಡು ಹಲ್ಲುಗಳ ಹಿಂಬದಿಯನ್ನು ತೆಳುವಾಗಿಸಿದೆ. ಅದರ ಬಗ್ಗೆ ಇವತ್ತಿಗೂ ನನಗೆ ನಾಚಿಕೆಯಿಲ್ಲ. ಆದರೆ ಶಿಲುಬೆ ಕೊರೆಯುವ ಹೊತ್ತಿಗೆ ಮನಸ್ಸಿನಲ್ಲಿ ಒಂದು ಹುಳ ಹೊಕ್ಕಿತು. ಇದು ದೈವದ ಎದುರು ತೆರೆಯುವ ಬಾಯಿ ಎಂದು ಅನಿಸಿತು. ಇಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಇರಲಿ ಎಂದು ಚಾಕುವನ್ನು ಒತ್ತಿದೆ. ಪ್ರಾರ್ಥನೆ ಅಂದುಕೊಂಡು ಮಾಡಿದ್ದು, ಆದರೆ ಒಳಗಿದ್ದದ್ದು ಪ್ರಾರ್ಥನೆಯಲ್ಲ, ದೈವಕ್ಕೆ ಹಾಕಿದ ಪಂಥ.

ಸೆಟ್ ಹೋಗಿ ಎರಡು ದಿನಕ್ಕೆ ಡಾಕ್ಟರ್ ಹುಡುಗಿಯ ಫೋನು ಬಂತು. "ಅಂಕಲ್, ಸ್ವಲ್ಪ ಕ್ಲಿನಿಕ್‌ಗೆ ಬಂದು ಹೋಗ್ತೀರಾ? ಫೋನಲ್ಲಿ ಬೇಡ."

ಸ್ಕೂಟರ್ ಹತ್ತಿ ಮಣ್ಣಗುಡ್ಡಕ್ಕೆ ಹೋದೆ. ಅವಳು ಒಳಗಿನ ಕೋಣೆಗೆ ಕರೆದು, ಬಾಗಿಲು ಮುಚ್ಚಿ, ಮೊಬೈಲಿನಲ್ಲಿ ಒಂದು ಫೋಟೋ ತೋರಿಸಿದಳು. ಮುದುಕರ ಬಾಯಿಯ ಒಳಭಾಗ. ಅಂಗುಳದ ನಡುವೆ ಕೆಂಪಗೆ, ಅಡ್ಡ ಒಂದು ಗೆರೆ, ಉದ್ದ ಒಂದು ಗೆರೆ. ಉದ್ದದ ಗೆರೆಯ ತುದಿಯಲ್ಲಿ ಸಣ್ಣ ಹುಣ್ಣು.

"ಇಷ್ಟು ವರ್ಷದಲ್ಲಿ ಇಂಥ ಹುಣ್ಣು ನೋಡ್ಲಿಲ್ಲ ನಾನು," ಎಂದಳು. "ಅಜ್ಜರಿಗೆ ಭಾರೀ ನೋವುಂಟು. ನೀರು ಕುಡೀಲಿಕ್ಕೂ ಆಗುವುದಿಲ್ಲ."

ನಾನು ಕುರ್ಚಿಯ ಬೆನ್ನು ಹಿಡಿದುಕೊಂಡೆ. ಅವಳು ನನ್ನ ಮುಖ ನೋಡಲಿಲ್ಲ, ಮೊಬೈಲನ್ನೇ ನೋಡುತ್ತಾ, "ಪ್ಲಾಸ್ಟರಲ್ಲಿ ಎಲ್ಲಿಯಾದ್ರೂ ಗೀರು ಬಿದ್ದಿರ್ಬೇಕು, ಅಲ್ವಾ?" ಎಂದು ಕೇಳಿದಳು.

"ಹೌದು. ಗೀರು ಬಿದ್ದಿರ್ಬೇಕು," ಎಂದೆ.

ಅಲ್ಲಿಯೇ ಮೋಟಾರಿಗೆ ಸಣ್ಣ ಕಲ್ಲು ಸಿಕ್ಕಿಸಿ ಮುದುಕರು ಬಿಟ್ಟುಹೋಗಿದ್ದ ಸೆಟ್ಟಿನ ಒಳಬದಿಯನ್ನು ಉಜ್ಜಿಕೊಟ್ಟೆ. ಎರಡು ನಿಮಿಷದ ಕೆಲಸ. ಗುಲಾಬಿ ಬಣ್ಣದ ಪುಡಿ ಬಿದ್ದದ್ದನ್ನು ನಾನೇ ಕರವಸ್ತ್ರದಿಂದ ಒರೆಸಿದೆ. ಸೆಟ್ಟನ್ನು ಸಂಜೆ ಅವರ ಮನೆಗೆ ಕಳಿಸುವುದಾಗಿಯೂ, ಹುಣ್ಣು ಮಾಯುವವರೆಗೆ ಅದನ್ನು ಹಾಕಬಾರದು ಎಂದು ಹೇಳಿರುವುದಾಗಿಯೂ ಡಾಕ್ಟರ್ ತಿಳಿಸಿದಳು. ತಂಬಿಲ ಬರುವ ಭಾನುವಾರ, ಅಂದು ಸೋಮವಾರ. ಅಷ್ಟರೊಳಗೆ ಮಾಯಬಹುದು, ಮಾಯದೆಯೂ ಇರಬಹುದು.

ಹೊರಗೆ ಬಂದಾಗ ಬಚಾವಾದೆ ಎಂದುಕೊಂಡೆ. ಆದರೆ ಸ್ಕೂಟರಿಗೆ ಕೀಲಿ ಹಾಕಲು ಕೈ ಬರಲಿಲ್ಲ. ಆ ಕೆಂಪು ಗೆರೆಗಳು ಕಣ್ಣು ಮುಚ್ಚಿದರೂ ಕಾಣುತ್ತಿದ್ದವು. ಆ ಹುಣ್ಣು ಯಾರಿಗೂ ಗೊತ್ತಾಗದೆ ಮಾಯುತ್ತದೆ, ಇಲ್ಲವೇ ಯಾರೋ ಒಬ್ಬರು ಟಾರ್ಚ್ ಬಿಟ್ಟು ನೋಡುತ್ತಾರೆ. ನನಗೆ ಆ ಎರಡೂ ಅಷ್ಟೇ ಕೆಟ್ಟದ್ದಾಗಿ ಕಂಡವು.

ಸಂಜೆ ಮನೆಯಲ್ಲಿ ತೇರ್ಸ್, ಅಂದರೆ ಜಪಮಾಲೆ ಪ್ರಾರ್ಥನೆಗೆ ಕೂತೆವು. ಜಪಮಣಿ ಅರ್ಧಕ್ಕೆ ಬರುವಾಗ ನನ್ನ ಸ್ವರ ನಿಂತಿತು. ಹೆಂಡತಿ ಒಬ್ಬಳೇ ಕೊನೆಯವರೆಗೆ ಹೇಳಿ ಮುಗಿಸಿ, ಮೇಣದಬತ್ತಿ ಆರಿಸಿ, "ಈಗ ಹೇಳಿ," ಎಂದಳು. ಎಲ್ಲವನ್ನೂ ಹೇಳಿದೆ. ಪರೀಕ್ಷೆಯ ಉತ್ತರ ಪತ್ರಿಕೆ ತಿದ್ದುವಾಗ ಮಾಡುವ ಮುಖದಲ್ಲೇ ಅವಳು ಕೇಳಿದಳು.

"ಎಷ್ಟು ಸಮಯದಿಂದ?"

"ಆ ಪ್ರವಚನ ಆದ ಮೇಲೆ."

"ಒಬ್ಬರನ್ನಾದ್ರೂ ಕೇಳಿ ಮಾಡಿದ್ರಾ?"

"ಇಲ್ಲ."

"ನಮ್ಮ ಅನ್ನಕ್ಕೆ ಯಾರಾದ್ರೂ ನಮಗೆ ಗೊತ್ತಿಲ್ಲದೆ ಅವರ ದೇವರ ಕುಂಕುಮ ಬೆರೆಸಿದ್ರೆ ನೀವು ಎಂತ ಮಾಡ್ತಿದ್ರಿ?"

ನನ್ನ ಸಿಟ್ಟು ಅವಳಿಗೆ ಚೆನ್ನಾಗಿ ಗೊತ್ತು. ಉತ್ತರಕ್ಕೆ ಕಾಯದೆ ಅವಳು ಎದ್ದು ಅಡುಗೆಮನೆಗೆ ಹೋದಳು. ಅಲ್ಲಿಂದಲೇ, "ನಾಳೆ ಹೋಗಿ ಹೇಳಿ ಬನ್ನಿ. ಇಲ್ಲದಿದ್ರೆ ಭಾನುವಾರ ಇಗರ್ಜಿಯ ಪೂಜೆಯಲ್ಲಿ ಪ್ರಸಾದಕ್ಕೆ ಬಾಯಿ ತೆರೆಯುವುದು ಹೇಗೆ ನೀವು?" ಎಂದಳು. ಅಂದು ಊಟಕ್ಕೆ ಬಂಗುಡೆ ಸಾರು ಇತ್ತು, ನನಗೆ ಸೇರಲಿಲ್ಲ.

ಬೆಳಿಗ್ಗೆ ಮೊದಲು ಡಾಕ್ಟರ್ ಹುಡುಗಿಗೆ ಫೋನು ಮಾಡಿದೆ. ನಿನ್ನೆ ಸುಳ್ಳು ಹೇಳಿದೆ, ಅದು ಗೀರಲ್ಲ ಎಂದೆ.

"ನಂಗೆ ನಿನ್ನೆಯೇ ಗೊತ್ತಾಗಿದೆ ಅಂಕಲ್," ಎಂದಳು. "ನಿಮ್ಮ ಬಾಯಿಂದ ಬೇರೆ ಎಂತಾದ್ರೂ ಬಂದ್ರೆ ಎಂತ ಮಾಡುವುದು ಅಂತ ಹೆದರಿ ಉತ್ತರವನ್ನೂ ನಾನೇ ಹೇಳಿಕೊಟ್ಟೆ. ಸೆಟ್ ಕೊಡುವ ಮೊದ್ಲು ಒಳಗೆ ಬೆರಳಾಡಿಸಿ ನೋಡುವುದು ನನ್ನ ಕೆಲಸ, ಅದನ್ನೂ ಮಾಡ್ಲಿಲ್ಲ. ನೀವು ಹೋಗಿ ಹೇಳಿ. ನನ್ನ ಹೆಸರು ಕೆಟ್ರೆ ಕೆಡ್ಲಿ. ಆದ್ರೆ ಇನ್ನು ಮುಂದೆ ನನ್ನ ಪೇಷೆಂಟ್‌ನ ಸೆಟ್ಟಿನಲ್ಲಿ ಒಂದು ಚುಕ್ಕೆ ಹೆಚ್ಚು ಕಂಡ್ರೂ ನಿಮಗೆ ಕೆಲಸ ಇಲ್ಲ."

ಅಜ್ಜನ ಮನೆ ದೇರೆಬೈಲಿನಲ್ಲಿ. ಸುತ್ತ ಫ್ಲಾಟುಗಳು ಎದ್ದ ನಡುವೆ ಒಂದು ಹಂಚಿನ ಮನೆ, ಅಂಗಳದ ಮೂಲೆಯಲ್ಲಿ ದೈವದ ಸಣ್ಣ ಗುಡಿ. ಗುಡಿಗೆ ಆಗಲೇ ಸುಣ್ಣ ಬಳಿದಿತ್ತು, ಭಾನುವಾರಕ್ಕೆ ಶಾಮಿಯಾನದ ಕಂಬಗಳನ್ನು ತಂದು ಗೋಡೆಗೆ ಒರಗಿಸಿದ್ದರು. ಸೆಟ್ ಮಾಡಿದವನು ನಾನು, ಅಜ್ಜರ ಹತ್ತಿರ ಸ್ವಲ್ಪ ಮಾತಾಡಲಿಕ್ಕುಂಟು ಎಂದೆ. ಅವರ ಸೊಸೆ ನನ್ನನ್ನು ಚಾವಡಿಯಲ್ಲಿ ಕೂರಿಸಿ ಬೆಲ್ಲ, ನೀರು ತಂದಿಟ್ಟಳು. ಅಜ್ಜ ಈಸಿಚೇರಿನಲ್ಲಿದ್ದರು. ಎತ್ತರದ ಆಳು, ಕೆನ್ನೆ ಒಳಗೆ ಹೋಗಿತ್ತು. ನಾವು ಆಡಿದ್ದು ತುಳುವಿನಲ್ಲಿ. ಹಲ್ಲಿಲ್ಲದ ಬಾಯಿಯ ಮಾತು ನನಗೆ ಅರ್ಥವಾಗದ ಕಡೆ ಸೊಸೆ ಇನ್ನೊಮ್ಮೆ ಹೇಳುತ್ತಿದ್ದಳು.

"ಪೊರ್ಬುಲು ಖುದ್ದು ಬಂದ್ರಲ್ಲ," ಎಂದರು ಅಜ್ಜ. ಇಲ್ಲಿ ನಮ್ಮ ಜನರನ್ನು ಹಾಗೆ ಕರೆಯುವುದು ರೂಢಿ. "ಸೆಟ್ ಭಾರೀ ಲಾಯ್ಕ ಉಂಟು. ಮೇಲೆ ಮಾತ್ರ ಎಂತದೋ ಚುಚ್ಚಿತು."

ಬೆಲ್ಲದ ತುಂಡು ನನ್ನ ಕೈಯಲ್ಲೇ ಇತ್ತು. ಅದನ್ನು ತಟ್ಟೆಗೆ ಹಾಕಿ ಹೇಳಿದೆ. "ಅಜ್ಜೆರೇ, ಚುಚ್ಚಿದ್ದು ನಾನು ಮಾಡಿದ್ದು. ಅದು ಶಿಲುಬೆ. ನಮ್ಮ ದೇವರ ಗುರ್ತ. ನಾನು ಬೇಕಂತಲೇ ಕೊರೆದದ್ದು, ನಿಮಗೆ ಹೇಳದೆ."

ಸೊಸೆಯ ಮುಖ ಕಪ್ಪಿಟ್ಟಿತು. "ಎಂತ? ದೈವಕ್ಕೆ ಮದಿಪು ಹೇಳುವ ಬಾಯಿಗಾ?" ಎಂದಳು. "ನಮ್ಮ ಹುಡುಗ್ರಿಗೆ ಗೊತ್ತಾದ್ರೆ ಎಂತ ಆಗ್ತದೆ ಗೊತ್ತುಂಟಾ ನಿಮಗೆ?"

"ಗೊತ್ತುಂಟು ಅಕ್ಕ," ಎಂದೆ.

ಅಜ್ಜ ಕೈ ಎತ್ತಿ ಅವಳನ್ನು ನಿಲ್ಲಿಸಿದರು. ಸೆಟ್ ತರಿಸಿಕೊಂಡರು. ನೀರಿನ ಡಬ್ಬಿಯಿಂದ ಅದನ್ನು ತೆಗೆದು, ಮಗುಚಿ, ಕಿಟಕಿಯ ಬೆಳಕಿಗೆ ಹಿಡಿದರು.

"ಎಲ್ಲುಂಟು?"

"ನಿನ್ನೆ ಉಜ್ಜಿ ತೆಗೆದೆ."

"ಇಲ್ಲಿಂದ ತೆಗೆದ್ರಿ. ನನ್ನ ಬಾಯಲ್ಲಿ ಇನ್ನೂ ಉಂಟಲ್ಲ!" ಎಂದು ಗದರಿದರು. ಹಲ್ಲಿಲ್ಲದಿದ್ದರೂ ಆ ಮಾತು ನನಗೆ ಸ್ಪಷ್ಟವಾಗಿ ಕೇಳಿಸಿತು. ನಾನು ತಲೆ ತಗ್ಗಿಸಿ ಕೂತೆ. ಕ್ಷಮೆ ಕೇಳಬೇಕೆಂದು ದಾರಿಯುದ್ದ ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. ತಪ್ಪಾಯಿತು, ತಪ್ಪಾಯಿತು ಎಂದು ಎರಡು ಸಲ ಹೇಳಿದೆ, ಅಷ್ಟೇ.

ಅಜ್ಜ ಸೆಟ್ಟನ್ನು ಡಬ್ಬಿಗೆ ಹಾಕಿ ಮುಚ್ಚಿದರು. ಆಮೇಲೆ ಕೇಳಿದರು, "ಯಾಕೆ ಮಾಡಿದ್ರಿ?"

"ಎಲ್ಲರಿಗೂ ನಮ್ಮ ದೇವರ ವಿಷಯ ಹೇಳ್ಬೇಕು ಅಂತ ನಮ್ಮಲ್ಲಿ ಉಂಟು ಅಜ್ಜೆರೇ. ನಂಗೆ ಹೇಳ್ಲಿಕ್ಕೆ ಬರುವುದಿಲ್ಲ. ಅದಕ್ಕೆ."

"ಹೇಳ್ಲಿಕ್ಕೆ ಬರುವುದಿಲ್ಲ ಅಂತ ನನ್ನ ಬಾಯಲ್ಲಿ ಬರೆದದ್ದಾ?" ಅಜ್ಜ ಮುಂದಕ್ಕೆ ಬಾಗಿದರು. "ಹಲ್ಲಿಲ್ಲದ್ದು ನನಗೆ ಮಾರಾಯ್ರೆ, ನಿಮಗಲ್ಲ. ಹೇಳ್ಲಿಕ್ಕೆ ಇದ್ದದ್ದನ್ನು ಬಾಯಿ ಬಿಟ್ಟು ಹೇಳ್ಬೇಕು. ಬೇಕಾದ್ರೆ ನಾನು ಕೇಳ್ತೇನೆ, ಬೇಡದಿದ್ರೆ ಬೇಡ ಅಂತೇನೆ. ಈಗ ಹೇಳಿ. ನಾನು ಕೇಳ್ತೇನೆ."

ಇಂಥ ಅವಕಾಶಕ್ಕಾಗಿ ಪ್ರಾರ್ಥನೆ ಮಾಡುವವರನ್ನು ನಾನು ಕಂಡಿದ್ದೇನೆ. ನನಗೆ ಓಡಿಹೋಗಬೇಕು ಅನಿಸಿತು. ಸೊಸೆ ಬಾಗಿಲಿಗೆ ಒರಗಿ ಕೈಕಟ್ಟಿ ನಿಂತಿದ್ದಳು. ಕೊನೆಗೆ ನನಗೆ ಗೊತ್ತಿದ್ದದ್ದನ್ನೇ ಹೇಳಿದೆ. ನಮ್ಮ ಯೇಸು ದೊಡ್ಡ ಮನೆಯಲ್ಲಿ ಹುಟ್ಟಿದವನಲ್ಲ. ಬಡಗಿ. ಜನರ ಮುಂದೆ ನಿಂತು ಬೋಧನೆ ಮಾಡಿದ್ದಕ್ಕಿಂತ ಹೆಚ್ಚು ವರ್ಷ ಮರದ ಕೆಲಸ ಮಾಡಿದವನು. ದೇವರು ಮನುಷ್ಯನಾಗಿ ಬಂದು ಅಷ್ಟು ವರ್ಷ ಬೇರೆಯವರ ಬಾಗಿಲು, ಮಣೆ ಮಾಡಿಕೊಂಡಿದ್ದ ಎಂದು ನೆನೆದರೆ ನನಗೆ ಧೈರ್ಯ ಬರುತ್ತದೆ. ಕೊನೆಗೆ ಅವನನ್ನು ಕೊಂದರು, ಕೊಂದವರನ್ನೂ ಅವನು ಕ್ಷಮಿಸಿದ. ಅವನು ಎದ್ದು ಬಂದ, ಈಗಲೂ ಇದ್ದಾನೆ ಎಂದು ನಾನು ನಂಬುತ್ತೇನೆ. ನಾನು ಲ್ಯಾಬಿನಲ್ಲಿ ಒಬ್ಬನೇ ಕೂತು ಕೆಲಸ ಮಾಡುವಾಗ ಅವನು ನೋಡುತ್ತಾನೆ, ನಾನು ಮಾಡುವ ಸೆಟ್ಟು ಅವನಿಗೇ ಮಾಡಿದ ಹಾಗೆ ಎಂದುಕೊಂಡು ಮಾಡುತ್ತೇನೆ.

ಇಷ್ಟನ್ನೂ ಬಾಯಿ ಬಿಟ್ಟೇ ಹೇಳಿದೆ. ಐವತ್ತೆಂಟನೆಯ ವಯಸ್ಸಿನಲ್ಲಿ, ಮೊದಲ ಸಲ.

ಅಜ್ಜ ಕಣ್ಣು ಕಿರಿದು ಮಾಡಿ ಯೋಚಿಸಿದರು. "ಅವರು ಮಾಡಿದ ಮಣೆಯಲ್ಲಿ ಕೂತವರಿಗೆ ಸಿಬಿರು ಚುಚ್ಚಿದ್ದುಂಟಾ?" ಎಂದು ಕೇಳಿದರು.

"ಚುಚ್ಚಿರ್ಲಿಕ್ಕಿಲ್ಲ," ಎಂದು ತಾವೇ ಹೇಳಿದರು. "ಹಾಗಾದ್ರೆ ನೀವು ಎಂತಕ್ಕೆ ಚುಚ್ಚುವ ಹಾಗೆ ಮಾಡಿದ್ದು? ಆ ಕೆಲಸ ನಿಮ್ಮ ದೇವರಿಗೂ ಮೆಚ್ಚುಗೆ ಆಗ್ಲಿಕ್ಕಿಲ್ಲ, ನಮ್ಮ ದೈವಕ್ಕೂ ಇಲ್ಲ."

ಅಷ್ಟು ಪ್ರವಚನಗಳನ್ನು ಕೇಳಿದ್ದೇನೆ, ಒಂದರಲ್ಲೂ ನನ್ನ ಕೆಲಸವನ್ನು ಯಾರೂ ಹೀಗೆ ಬಿಡಿಸಿ ತೋರಿಸಿರಲಿಲ್ಲ. ನಾನು ದೇವರನ್ನು ಅಚ್ಚಿನ ಒಳಗೆ ಕದ್ದು ಸೇರಿಸಲು ಹೋಗಿ, ದೇವರು ನನಗೆ ಕೊಟ್ಟ ಕೆಲಸವನ್ನೇ ಕೆಡಿಸಿದ್ದೆ. ಹಲ್ಲು ಸರಿಯಾಗಿ ಕೂರಬೇಕು, ಅಂಗುಳಕ್ಕೆ ನೋಯಬಾರದು. ಅವನು ನನ್ನಿಂದ ಕೇಳಿದ್ದು ಅಷ್ಟೇ. ಅಳು ಬಂತು, ಮುಚ್ಚಿಟ್ಟುಕೊಳ್ಳಲು ಆಗಲಿಲ್ಲ. ಸೊಸೆ ಒಳಗೆ ಹೋಗಿ ಇನ್ನೊಂದು ಲೋಟ ನೀರು ತಂದು ನನ್ನ ಮುಂದೆ ಕುಕ್ಕಿದಳು. ಸಿಟ್ಟು ಇಳಿದಿರಲಿಲ್ಲ, ಆದರೂ ನೀರು ತಂದಳು.

"ಹುಡುಗ್ರಿಗೆ ನಾನು ಹೇಳುವುದಿಲ್ಲ," ಎಂದರು ಅಜ್ಜ. "ನಿಮ್ಮ ಮೇಲೆ ಪ್ರೀತಿಯಿಂದ ಅಲ್ಲ. ತಂಬಿಲದ ವಾರ ಮನೆಯಲ್ಲಿ ಗಲಾಟೆ ಆಗ್ಬಾರ್ದು. ಭಾನುವಾರದ ಒಳಗೆ ನನ್ನ ಬಾಯಿ ಸರಿ ಮಾಡಿ ಕೊಡಿ. ಮತ್ತೆ, ನನ್ನ ಹಾಗೆ ಇನ್ನು ಎಷ್ಟು ಜನ ಉಂಟು? ಅವರಿಗೂ ಹೇಳಿ."

ಆ ವಾರ ನಾನು ದಿನಕ್ಕೆರಡು ಸಲ ಆ ಮನೆಗೆ ಫೋನು ಮಾಡಿದೆ. ಸೊಸೆ ಎತ್ತುತ್ತಿದ್ದಳು. ಉಪ್ಪುನೀರು ಮುಕ್ಕಳಿಸಿದರಾ, ಡಾಕ್ಟರ್ ಕೊಟ್ಟ ಮುಲಾಮು ಹಚ್ಚಿದರಾ, ಖಾರ ಕೊಡಬೇಡಿ. ಬುಧವಾರ, "ಹಾಗೇ ಉಂಟು" ಎಂದಳು. ಗುರುವಾರವೂ ಹಾಗೇ. ಶುಕ್ರವಾರ ಮಧ್ಯಾಹ್ನ, "ಇವತ್ತು ಗಂಜಿ ಕುಡಿಯುವಾಗ ಬೊಬ್ಬೆ ಹಾಕ್ಲಿಲ್ಲ," ಎಂದಳು. ನಾನು ಲ್ಯಾಬಿನ ಬಾಗಿಲು ಮುಚ್ಚಿ ಮೊಣಕಾಲೂರಿದೆ. ನೆಲದ ತುಂಬ ಪ್ಲಾಸ್ಟರಿನ ಹುಡಿ, ಪ್ಯಾಂಟು ಬಿಳಿಯಾಯಿತು.

ಶನಿವಾರ ಬೆಳಿಗ್ಗೆ ಮಣ್ಣಗುಡ್ಡದ ಕ್ಲಿನಿಕ್ಕಿನಲ್ಲಿ ಅಜ್ಜ ಕುರ್ಚಿಯಲ್ಲಿ ಕೂತರು. ಡಾಕ್ಟರ್ ಮೊದಲು ಸೆಟ್ಟಿನ ಒಳಗೆ ಬೆರಳಾಡಿಸಿದಳು, ಆಮೇಲೆ ಅದರ ಮೇಲೆ ಹತ್ತಿ ಎಳೆದು ನೋಡಿದಳು, ಎಲ್ಲಿಯೂ ಎಳೆ ಸಿಕ್ಕಿಕೊಳ್ಳಲಿಲ್ಲ. ಬಾಯಿಗೆ ಕೂರಿಸಿದಳು. ಅಜ್ಜ ಎರಡು ಸಲ ಕಚ್ಚಿ, ನಾಲಗೆ ಆಡಿಸಿ, "ಚುಚ್ಚುವುದಿಲ್ಲ," ಎಂದರು.

"ಮಾತಾಡಿ ನೋಡಿ ಅಜ್ಜೆರೇ," ಎಂದೆ. "ಮದಿಪನ್ನೇ ಹೇಳಿ. ಎಲ್ಲಿ ಜಾರ್ತದೆ ಅಂತ ನಾನು ಕೇಳ್ತೇನೆ."

ಕ್ಲಿನಿಕ್ಕಿನಲ್ಲಿ ಮದಿಪು ಪೂರ್ತಿ ಹೇಳುವುದು ಸರಿಯಲ್ಲ, ಅರ್ಧಕ್ಕೆ ನಿಲ್ಲಿಸುತ್ತೇನೆ ಎಂದು ಹೇಳಿಯೇ ಅವರು ಶುರುಮಾಡಿದರು. ಬಸ್ಸಿನ ಬಾಗಿಲಿನಲ್ಲಿ ನಿಂತು ಸ್ಟಾಪುಗಳ ಹೆಸರು ಕೂಗಿದ ಗಂಟಲು ಅದು. ಗಾಜಿನ ಬಾಗಿಲಿನ ಆಚೆ ಕೂತಿದ್ದವರೆಲ್ಲ ತಿರುಗಿ ನೋಡಿದರು. ನಾನು ಕಣ್ಣು ಮುಚ್ಚಿ ಶಬ್ದಗಳನ್ನು ಮಾತ್ರ ಕೇಳಿದೆ. ಒಂದು ಕಡೆ ಸಣ್ಣ ಸೀಟಿ ಬಂತು. ಸೆಟ್ ತೆಗೆಸಿ ಮುಂದಿನ ಹಲ್ಲಿನ ಹಿಂಬದಿಯನ್ನು ಒಂದು ಎಳೆಯಷ್ಟು ಉಜ್ಜಿ ಕೊಟ್ಟೆ. ಮತ್ತೆ ಹೇಳಿಸಿದೆ. ಇನ್ನೊಮ್ಮೆ ಉಜ್ಜಿದೆ. ಮೂರನೆಯ ಸಲ ಸೀಟಿ ಇರಲಿಲ್ಲ. ಗೊತ್ತಿದ್ದೋ ಗೊತ್ತಿಲ್ಲದೆಯೋ ಆದ ತಪ್ಪುಗಳನ್ನು ಹೊಟ್ಟೆಗೆ ಹಾಕಿಕೊಂಡು ಮನೆಯವರನ್ನು ಕಾಯಬೇಕು ಎಂಬಲ್ಲಿಗೆ ಬಂದಾಗ ಅಜ್ಜ ನಿಲ್ಲಿಸಿದರು. ನಾನು ಕಣ್ಣು ತೆರೆದರೆ ಅವರು ನನ್ನನ್ನೇ ನೋಡುತ್ತಿದ್ದರು.

"ಸಾಕು," ಎಂದರು. "ನಾಳೆ ಹನ್ನೊಂದು ಗಂಟೆಗೆ ಬನ್ನಿ. ಊಟಕ್ಕೆ ಉಂಟು."

ಭಾನುವಾರ ಇಗರ್ಜಿಯಲ್ಲಿ ಮುಂಜಾನೆಯ ಪೂಜೆ ಮುಗಿಸಿ, ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ದೇರೆಬೈಲಿಗೆ ಹೋದೆ. ಅಂಗಳದಲ್ಲಿ ಕುಟುಂಬದವರು, ನೆರೆಯವರು ಸೇರಿದ್ದರು. ನಾವು ಗೇಟಿನ ಹತ್ತಿರ, ಚಪ್ಪಲಿಗಳ ರಾಶಿಯ ಪಕ್ಕದಲ್ಲಿ ನಿಂತೆವು. ಅಜ್ಜ ಬಿಳಿ ಮುಂಡು ಉಟ್ಟು, ಹೆಗಲಿಗೆ ಶಲ್ಯ ಹಾಕಿ ಗುಡಿಯ ಮುಂದೆ ಕೈಜೋಡಿಸಿದರು. ಮದಿಪು ಶುರುವಾಯಿತು. ನಾನು ಅವರ ದೈವಕ್ಕೆ ಕೈಮುಗಿಯಲಿಲ್ಲ, ನನ್ನ ದೇವರ ಹತ್ತಿರ ಒಂದೇ ಸಮನೆ ಬೇಡುತ್ತಿದ್ದೆ. ಒಂದು ಶಬ್ದವೂ ಜಾರದಿರಲಿ, ಸ್ವಾಮೀ. ಹೆಂಡತಿ ನನ್ನ ಮೊಣಕೈ ಹಿಡಿದುಕೊಂಡಿದ್ದಳು. ಹಿಂದಿನ ದಿನ ಅರ್ಧಕ್ಕೆ ನಿಂತ ಮಾತು ಬಂತು, ಅದನ್ನೂ ದಾಟಿ ಮುಂದಕ್ಕೆ ಹೋಯಿತು, ಕೊನೆಯವರೆಗೆ ಒಂದಕ್ಷರವೂ ಸಡಿಲವಾಗಲಿಲ್ಲ. ಮುಗಿದಾಗ ನನ್ನ ಎದೆಯ ಮೇಲಿಂದ ಒಂದು ಮೂಟೆ ಇಳಿದಂತಾಯಿತು. ಹೆಂಡತಿ ಕರವಸ್ತ್ರ ಕೊಟ್ಟಳು.

ಅಂದಿನಿಂದ ಮಾಡಿದ ಉಳಿದ ಕೆಲಸವನ್ನೂ ಹೇಳಿಬಿಡುತ್ತೇನೆ. ನಾನು ಶಿಲುಬೆ ಕೊರೆಯುತ್ತಿದ್ದ ಅವಧಿಯಲ್ಲಿ ಸೆಟ್ ಪಡೆದವರನ್ನು ಡಾಕ್ಟರರ ಮೂಲಕ ಕರೆಸಿ, ನಾನೇ ಎದುರು ನಿಂತು ವಿಷಯ ಹೇಳಿ, ಗೆರೆ ಉಜ್ಜಿ ಕೊಟ್ಟೆ. ಕೆಲವರು ನಕ್ಕರು. ಒಬ್ಬರು ಸೆಟ್ಟನ್ನೇ ನನ್ನ ಮೇಜಿಗೆ ಎಸೆದು ಹೋದರು, ಅವರಿಗೆ ಹೊಸದು ಮಾಡಿ ಕಳಿಸಿದೆ. ಅವರು ಈಗಲೂ ರಸ್ತೆಯಲ್ಲಿ ಕಂಡರೆ ಮುಖ ತಿರುಗಿಸುತ್ತಾರೆ, ಅದು ಅವರ ಹಕ್ಕು. ಇಬ್ಬರು ಡಾಕ್ಟರರು ನನ್ನನ್ನು ಬಿಟ್ಟರು. ನಮ್ಮದೇ ಇಗರ್ಜಿಯ ಒಬ್ಬ ಅಜ್ಜಿ ಮಾತ್ರ, "ನಂದು ತೆಗೆದ್ರೆ ಜಾಗ್ರತೆ!" ಎಂದು ಬಾಯಿ ಮುಚ್ಚಿಕೊಂಡು ಕೂತರು. ಅವರನ್ನು ಒಪ್ಪಿಸಲು ಹೆಂಡತಿಯೇ ಬರಬೇಕಾಯಿತು.

ಆದರೆ ಅದೆಲ್ಲ ಆಮೇಲಿನ ಮಾತು. ತಂಬಿಲದ ದಿನ ನಾವು ಊಟಕ್ಕೆ ಕೂತಾಗ ನನ್ನ ಎದುರಿನ ಸಾಲಿನಲ್ಲಿ ಅಜ್ಜನ ತಮ್ಮ ಇದ್ದರು. ಅವರು ಬಡಿಸಿದ ಕೋಳಿಯನ್ನು ಬದಿಗೆ ಸರಿಸಿ, ತನ್ನ ಸೆಟ್ ಒಂದು ಬದಿ ಕಚ್ಚುತ್ತದೆ, ಮಾಡಿದವನಿಗೆ ಕಣ್ಣಿಲ್ಲ ಎಂದು ಬೈಯುತ್ತಿದ್ದರು. ಆ ಸೆಟ್ ನನ್ನದಲ್ಲ, ಅಷ್ಟು ಸಮಾಧಾನ. ಅಜ್ಜ ಬಡಿಸುವವರ ಹಿಂದೆ ವಿಚಾರಿಸಿಕೊಂಡು ಬರುತ್ತಿದ್ದವರು ಅಲ್ಲಿಯೇ ನಿಂತರು. ಸೊಸೆ ಅನ್ನದ ಪಾತ್ರೆ ಹಿಡಿದು ಅವರ ಪಕ್ಕದಲ್ಲಿದ್ದಳು. ಅಜ್ಜ ನನ್ನ ಕಡೆ ಬೆರಳು ತೋರಿಸಿದರು. ಆ ಬಸ್ಸಿನ ಸ್ವರ, ಇಡೀ ಸಾಲಿಗೆ ಕೇಳಿಸುವ ಹಾಗೆ.

"ಇವರ ಹತ್ರ ಮಾಡಿಸು. ಇವರು ಯೇಸುವಿಗೆ ಅಂತ ನೆನ್ಸಿ ಮಾಡುವುದಂತೆ. ನೋಡು, ಎಲ್ಲಿಯೂ ಚುಚ್ಚುವುದಿಲ್ಲ."

ಸಾಲಿನವರೆಲ್ಲ ನನ್ನನ್ನು ನೋಡಿದರು. ಸೊಸೆ ನನ್ನ ಎಲೆಗೆ ಇನ್ನೊಂದು ಸೌಟು ಅನ್ನ ಹಾಕಿದಳು. ಅಜ್ಜನ ತಮ್ಮ ಮುಂದಕ್ಕೆ ಬಾಗಿ, "ಹೌದಾ ಪೊರ್ಬುಲೆ?" ಎಂದು ಕೇಳಿದರು.

"ಹೌದು," ಎಂದೆ. "ಅವನಿಗೇ ಅಂತ ಮಾಡುವುದು. ನಾಳೆ ಬನ್ನಿ, ನೋಡ್ತೇನೆ."